ಕಾರ್ಬ್ ಲೆಕ್ಕದಲ್ಲಿ ಮಿಲಿಟರಿ ಹೋಟೆಲ್: ಯಾವುದು ತಿನ್ನಬಹುದು, ಯಾವುದು ಬಿಡಬೇಕು

ಕಾರ್ಬ್ (ಪಿಷ್ಟ, ಸಕ್ಕರೆಯಂಥ ಕಾರ್ಬೋಹೈಡ್ರೇಟ್) ಕಡಿಮೆ ಮಾಡಿದವರಿಗೆ ಬೆಂಗಳೂರಿನಲ್ಲಿ ಹೊರಗೆ ಉಣ್ಣಲು ಮಿಲಿಟರಿ ಹೋಟೆಲ್‌ನಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. 1908ರಲ್ಲಿ ಶುರುವಾದ ಕಾಟನ್‌ಪೇಟೆಯ ಎಸ್.ಜಿ. ರಾವ್ಸ್ ಆಗಲಿ, ಜಯನಗರದ ಶಿವಾಜಿ, ರಂಗಣ್ಣ ಆಗಲಿ, ಅಡುಗೆಯ ಜೀವಾಳ ಮಾಂಸ, ಮೂಳೆ, ಕಾಯಿ, ಕೊತ್ತಂಬರಿ, ಮೆಣಸು. ಇವುಗಳಿಂದ ತಟ್ಟೆಗೆ ಬೀಳುವ ಪಿಷ್ಟ ತೀರಾ ಅಲ್ಪ. ಪಿಷ್ಟ ಬರುವುದು ಮುದ್ದೆ-ಅನ್ನದಿಂದ, ಗ್ರೇವಿ ಮಂದವಾಗಲು ಹಾಕುವ ಹುರಿಗಡಲೆಯಿಂದ, ಕರಿಯುವ ಮುಂಚೆ ಹಚ್ಚುವ ಹಿಟ್ಟಿನಿಂದ.

ಮೊದಲು ಮುದ್ದೆಯ ವಿಚಾರ. ರಾಗಿ ಪೌಷ್ಟಿಕ, ಕ್ಯಾಲ್ಸಿಯಂ ಧಾರಾಳ; ಹಾಗೆಂದು ಕಾರ್ಬ್ ಕಡಿಮೆ ಎಂದುಕೊಳ್ಳಬೇಡಿ. ನೂರು ಗ್ರಾಂ ಹಿಟ್ಟಿನಲ್ಲಿ ನಾರು ಬಿಟ್ಟೂ ಸುಮಾರು 65 ಗ್ರಾಂ ಕಾರ್ಬ್ ಇರುತ್ತದೆ. ಹೋಟೆಲ್‌ನ ದೊಡ್ಡ ಮುದ್ದೆಗೆ ಹೆಚ್ಚುಕಡಿಮೆ ಅಷ್ಟೇ ಹಿಟ್ಟು ಬೇಕು. ದಿನಕ್ಕೆ 130 ಗ್ರಾಂ ಒಳಗಿರಬೇಕು ಎನ್ನುವವರಿಗೆ ಒಂದೇ ಮುದ್ದೆಯಲ್ಲಿ ಅರ್ಧ ಪಾಲು ಮುಗಿಯಿತು. ಕಾರ್ಬ್ ತೀರಾ ಇಳಿಸುವ ಕೀಟೊ ಪಥ್ಯ ಮಾಡುವವರಿಗಂತೂ ಸಾಧ್ಯವೇ ಇಲ್ಲ. ಆಸೆ ತಡೆಯದಿದ್ದರೆ ಕಾಲು ಭಾಗ ಮುರಿದಿಟ್ಟುಕೊಂಡು ಉಳಿದದ್ದನ್ನು ಜೊತೆಗೆ ಬಂದವರ ತಟ್ಟೆಗೆ ದಾಟಿಸಿ. ದೊನ್ನೆ ಬಿರಿಯಾನಿಯ ಲೆಕ್ಕವೂ ಹೀಗೆಯೇ: ಬೆಂದ ಅನ್ನ ನೂರು ಗ್ರಾಂ ಎಂದರೆ 28 ಗ್ರಾಂ ಕಾರ್ಬ್.

ಕೈಮಾ ಉಂಡೆಗೆ ಹುರಿಗಡಲೆ ಬೀಳುತ್ತದೆ ಎಂದು ಹಲವರು ಅದನ್ನು ಮುಟ್ಟುವುದೇ ಇಲ್ಲ. ಅಷ್ಟು ಹೆದರಬೇಕಿಲ್ಲ. ಕಾಲು ಕಿಲೋ ಕೈಮಾಗೆ ಸುಮಾರು 30 ಗ್ರಾಂ ಹುರಿಗಡಲೆ ಪುಡಿ ಹಾಕಿ ಹತ್ತು ಉಂಡೆ ಕಟ್ಟಿದರೆ, ಒಂದೊಂದಕ್ಕೆ ಬರುವುದು ಎರಡು ಗ್ರಾಂ ಆಸುಪಾಸು. ಎರಡು ಉಂಡೆ ಧೈರ್ಯವಾಗಿ ತಿನ್ನಿ. ಎಡವಟ್ಟಾಗುವುದು ಅದು ಮುಳುಗಿರುವ ಗ್ರೇವಿಯಲ್ಲಿ, ಯಾಕೆಂದರೆ ಅಲ್ಲೂ ಹುರಿಗಡಲೆ, ಈರುಳ್ಳಿ ಅರೆದು ಹಾಕಿರುತ್ತಾರೆ. ಮುದ್ದೆ ಬಿಟ್ಟವರು ಹೊಟ್ಟೆ ತುಂಬಲಿಲ್ಲವೆಂದು ಅದನ್ನೇ ಎರಡು ಮೂರು ಬಟ್ಟಲು ಕುಡಿದರೆ ಲೆಕ್ಕ ತಪ್ಪುತ್ತದೆ. ಚಾಪ್ಸ್‌ಗೂ ಇದೇ ಮಾತು: ತುಂಡು ಎತ್ತಿಕೊಳ್ಳಿ, ಗ್ರೇವಿ ಎರಡು ಚಮಚ ಸಾಕು.

ಕಬಾಬ್ ಬೇಡ. ಕೆಂಪಗೆ ಗರಿಗರಿಯಾಗಿರುವ ಆ ಹೊದಿಕೆ ಕಾರ್ನ್‌ಫ್ಲೋರ್, ಅಕ್ಕಿಹಿಟ್ಟು, ಕೆಲವು ಕಡೆ ಮೈದಾ. ಅದರ ಬದಲು ಮಟನ್ ಫ್ರೈ, ಪೆಪ್ಪರ್ ಡ್ರೈ, ಬೋಟಿ, ತಲೆಮಾಂಸ ಯಾವುದನ್ನಾದರೂ ತೆಗೆದುಕೊಳ್ಳಿ. ಲಿವರ್ ಫ್ರೈ ನಮ್ಮ ಮೊದಲ ಆಯ್ಕೆ: ಲಿವರ್‌ನಲ್ಲಿ ನೂರು ಗ್ರಾಂಗೆ ನಾಲ್ಕು ಗ್ರಾಂ ಮೀರದ ಕಾರ್ಬ್, ಜೊತೆಗೆ ಕಬ್ಬಿಣ, ಬಿ12. ಯೂರಿಕ್ ಆಸಿಡ್ ಹೆಚ್ಚಿರುವವರು ಮಾತ್ರ ಲಿವರ್, ಭೇಜಾ ಎರಡನ್ನೂ ಬಿಡಬೇಕು.

ಕಾಲ್ ಸೂಪ್ ಒಳ್ಳೆಯದು ಸಿಕ್ಕರೆ ಇಡೀ ಊಟದ ಅತ್ಯುತ್ತಮ ಐಟಂ ಅದೇ. ನಿಧಾನವಾಗಿ ಬೆಂದ ಕಾಲಿನ ರಸ ತುಟಿಗೆ ಅಂಟುತ್ತದೆ. ಅದು ಮೂಳೆ-ಚರ್ಮದಿಂದ ಇಳಿದ ಜೆಲಟಿನ್. ತುಟಿಗೆ ಅಂಟದೆ ಬರೀ ಗಟ್ಟಿಯಾಗಿದ್ದು, ಬಟ್ಟಲಿನ ತಳದಲ್ಲಿ ಹಿಟ್ಟಿನಂಥ ಗಷ್ಟು ಉಳಿದರೆ ಏನೋ ಬೆರೆಸಿ ಮಂದ ಮಾಡಿದ್ದಾರೆ ಎಂದರ್ಥ. ಆಗ ಎರಡನೇ ಬಟ್ಟಲು ಬೇಡ.

ಒಂದು ಕಾಲ್ ಸೂಪ್, ಒಂದು ಪ್ಲೇಟ್ ಪೆಪ್ಪರ್ ಡ್ರೈ, ಎರಡು ಕೈಮಾ ಉಂಡೆ, ಎರಡು ಬೇಯಿಸಿದ ಮೊಟ್ಟೆ, ಸೌತೆಕಾಯಿ, ನಿಂಬೆಹಣ್ಣು. ಎಲ್ಲ ಸೇರಿ 20 ಗ್ರಾಂ ಕಾರ್ಬ್ ಆಸುಪಾಸು, ಹೊಟ್ಟೆ ಗಟ್ಟಿಯಾಗಿ ತುಂಬುತ್ತದೆ.

ದೊಡ್ಡ ಕೊರತೆ ತರಕಾರಿಯದು. ಎಲೆಯ ಮೇಲೆ ಸೊಪ್ಪಿನ ಪಲ್ಯವೇ ಇರುವುದಿಲ್ಲ, ನಾರು ಸಾಲದೆ ಮಲಬದ್ಧತೆ ಶುರುವಾಗುತ್ತದೆ. ಅವತ್ತು ರಾತ್ರಿಗೆ ಬೇಳೆ ಹಾಕದ ದಂಟಿನ ಸೊಪ್ಪು ಅಥವಾ ಹುರುಳಿಕಾಯಿ ಪಲ್ಯ ಮಾಡಿಕೊಳ್ಳಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆಯಲ್ಲಿರುವವರು ಅನ್ನ-ಮುದ್ದೆ ಒಮ್ಮೆಗೇ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಡಾಕ್ಟರ ಹತ್ತಿರ ಡೋಸ್ ಮಾತಾಡಿಕೊಂಡೇ ಶುರುಮಾಡಿ.

ಪಾರ್ಸಲ್ ಒಯ್ಯುವವರು ಉಂಡೆ, ಚಾಪ್ಸ್‌ನ ಗ್ರೇವಿಯನ್ನು ಬೇರೆ ಕವರ್‌ಗೆ ಹಾಕಿಸಿಕೊಳ್ಳಿ. ಒಟ್ಟಿಗೆ ಕಟ್ಟಿದರೆ ಮನೆ ಸೇರುವಷ್ಟರಲ್ಲಿ ಉಂಡೆ ಗ್ರೇವಿ ಹೀರಿ ಮೆತ್ತಗಾಗಿ ಒಡೆದಿರುತ್ತದೆ, ಎಷ್ಟು ಗ್ರೇವಿ ತಿಂದೆವೆಂಬ ಲೆಕ್ಕವೂ ಸಿಗುವುದಿಲ್ಲ.