ಎಂಟಿಟಿ ಕಿಟ್: ನೇರಳೆ ಬಣ್ಣ ಕಂಡ ಕೂಡಲೇ ನಂಬಬೇಡಿ

ಗಿಡಮೂಲಿಕೆಗಳ ಸಾರ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆಯೇ ಎಂದು ನೋಡಲು ಲ್ಯಾಬಿಗೆ ಈ ಎಂಟಿಟಿ ಕಿಟ್ ತರಿಸಿದ್ದೆ. ಕೋಶಗಳು ಬದುಕಿವೆಯೇ ಎಂದು ಬಣ್ಣದಿಂದ ತಿಳಿಸುವ ಪರೀಕ್ಷೆ ಇದು. ಕೆಲಸವೇನೋ ಸಲೀಸು. 96 ವೆಲ್‌ಗಳ (ಪುಟ್ಟ ಗುಳಿಗಳ) ಪ್ಲೇಟಿನಲ್ಲಿ ಕೋಶ ಬೆಳೆಸಿ, ಸಾರ ಹಾಕಿ, ಎರಡು ದಿನ ಬಿಟ್ಟು ಎಂಟಿಟಿಯ ಹಳದಿ ದ್ರಾವಣ ಬಿಟ್ಟರೆ ಬದುಕಿರುವ ಕೋಶಗಳು ಅದನ್ನು ನೇರಳೆ ಹರಳು ಮಾಡುತ್ತವೆ. ಹರಳು ಕರಗಿಸಿ, ಬಣ್ಣ ಎಷ್ಟು ಗಾಢ ಎಂದು 570 ನ್ಯಾನೋಮೀಟರ್ ಬೆಳಕಿನಲ್ಲಿ ಓದಿದರಾಯಿತು. ನಿತ್ಯಪುಷ್ಪದ ಗಿಡದಿಂದ ಬಂದ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಿ ಹಾಕಿದ ಸಾಲು ಪೇಲವವಾಗಿ, ಅಂದರೆ ಕೋಶಗಳು ಸತ್ತಂತೆ, ಕಂಡಾಗ ಖುಷಿಯೋ ಖುಷಿ.

ತಲೆನೋವು ಶುರುವಾದದ್ದು ನೆಲ್ಲಿಕಾಯಿಯಿಂದ. ಅದರ ಸಾರದ ವೆಲ್‌ಗಳೆಲ್ಲ ಕಡುನೇರಳೆ! ಕೋಶಗಳು ಆರಾಮಾಗಿವೆ ಅಂದುಕೊಂಡು ಮೈಕ್ರೋಸ್ಕೋಪಿನಲ್ಲಿ ಇಣುಕಿದರೆ ಅರ್ಧಕ್ಕರ್ಧ ಸತ್ತ ಕೋಶಗಳಂತೆ ದುಂಡಗಾಗಿ ತೇಲುತ್ತಿದ್ದವು. ಅನುಮಾನ ಬಂದು ಕೋಶವೇ ಇಲ್ಲದ ವೆಲ್‌ಗೆ ಸಾರ ಹಾಕಿದೆ. ಅದೂ ನೇರಳೆ. ಸಾರದಲ್ಲಿರುವ ಪಾಲಿಫಿನಾಲ್ ಎಂಬ ಸಸ್ಯ ರಾಸಾಯನಿಕಗಳು, ವಿಟಮಿನ್ ಸಿ ತಾವೇ ಬಣ್ಣ ತಿರುಗಿಸುತ್ತವೆ. ಕೈಪಿಡಿಯಲ್ಲಿ ಇದರ ಬಗ್ಗೆ ಒಂದಕ್ಷರ ಇಲ್ಲ. ಮೂರು ವಾರ ನೀರಲ್ಲಿ ಹೋಮ.

ಈಗ ಸಾರ ತೆಗೆದು, ತೊಳೆದ ಮೇಲೆಯೇ ದ್ರಾವಣ ಹಾಕುತ್ತೇನೆ. ಅನುಮಾನದವನ್ನು ಪ್ರೋಟೀನಿಗೆ ಅಂಟುವ ಎಸ್‌ಆರ್‌ಬಿ ಬಣ್ಣದಲ್ಲಿ ಮತ್ತೆ ನೋಡುತ್ತೇನೆ. ಶುದ್ಧ ರಾಸಾಯನಿಕ ಪರೀಕ್ಷಿಸಲು ಈ ಕಿಟ್ಟಿಗೆ ನಾಲ್ಕು ಸ್ಟಾರ್, ಹಸಿ ಸಾರ ಪರೀಕ್ಷಿಸಲು ಎರಡೇ.