ಬಿಲಾಕ್ಸಿ ಬ್ಲೂಸ್, ಬಕ್ ಪ್ರೈವೇಟ್ಸ್: ಎರಡು ಡಿಸ್ಕ್‌ಗಳ ಹೋಲಿಕೆ

ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದ ಸೈನಿಕ ತರಬೇತಿ ಶಿಬಿರಗಳನ್ನು ಕುರಿತ ಎರಡು ಹಾಸ್ಯಚಿತ್ರಗಳ ಡಿವಿಡಿಗಳನ್ನು ಕೊಂಡು ನೋಡಿದ ಮೇಲೆ ನನ್ನ ಮನಸ್ಸು ಗೆದ್ದದ್ದು 1988ರ ‘ಬಿಲಾಕ್ಸಿ ಬ್ಲೂಸ್’. 1941ರ ‘ಬಕ್ ಪ್ರೈವೇಟ್ಸ್’ ಅದಕ್ಕಿಂತ ಅಗ್ಗವಾಗಿ ಸಿಕ್ಕಿತು, ಮನೆಯ ಪ್ಲೇಯರಿನಲ್ಲಿ ಮೊದಲ ಸಲಕ್ಕೇ ಓಡಿತು; ಆದರೂ ನನ್ನ ಆಯ್ಕೆ ಬದಲಾಗಲಿಲ್ಲ.

ತಕರಾರು ಇದ್ದದ್ದು ಮೆಚ್ಚಿದ ಚಿತ್ರದ ಡಿಸ್ಕಿನಲ್ಲಿಯೇ. ಡಿವಿಡಿಗಳಿಗೂ ಪ್ಲೇಯರುಗಳಿಗೂ ಅವು ಮಾರಾಟವಾಗುವ ಪ್ರದೇಶಕ್ಕೆ ತಕ್ಕಂತೆ ಒಂದು ವಲಯದ ಸಂಖ್ಯೆ ಇರುತ್ತದೆ; ಅಮೆರಿಕದಿಂದ ತರಿಸಿದ ಈ ಡಿಸ್ಕ್ ಒಂದನೇ ವಲಯದ್ದು. ಭಾರತವು ಐದನೇ ವಲಯಕ್ಕೆ ಸೇರಿರುವುದರಿಂದ ನಮ್ಮ ಪ್ಲೇಯರ್ ಅದನ್ನು ಓದಲಿಲ್ಲ. ಮಾರಿದವರು ವಲಯದ ವಿಷಯವನ್ನು ಎಲ್ಲಿಯೂ ನಮೂದಿಸಿರಲಿಲ್ಲ, ಹಿಂತಿರುಗಿಸೋಣವೆಂದರೆ ಕಳುಹಿಸುವ ಖರ್ಚೇ ಡಿಸ್ಕಿನ ಬೆಲೆಯನ್ನು ಮೀರುತ್ತಿತ್ತು.

ಕಂಪ್ಯೂಟರಿನ ಡಿವಿಡಿ ಡ್ರೈವ್‌ನಲ್ಲಿ ವಲಯವನ್ನು ಬದಲಿಸಿಕೊಳ್ಳಬಹುದು, ಆದರೆ ಸಾಮಾನ್ಯವಾಗಿ ಐದು ಸಲ ಮಾತ್ರ. ಆಮೇಲೆ ಕೊನೆಗೆ ಆರಿಸಿದ ವಲಯವೇ ಶಾಶ್ವತವಾಗಿ ಉಳಿಯುತ್ತದೆ. ಇಲ್ಲಿನ ಡಿಸ್ಕ್ ಒಮ್ಮೆ, ಅಲ್ಲಿನದು ಒಮ್ಮೆ ಎಂದು ಹಾಕುತ್ತಾ ಹೋದರೆ ಆ ಅವಕಾಶ ಬೇಗನೆ ತೀರುತ್ತದೆಯಾದ್ದರಿಂದ, ಹಳೆಯ ಲ್ಯಾಪ್‌ಟಾಪೊಂದನ್ನು ಒಂದನೇ ವಲಯಕ್ಕೇ ಮೀಸಲಿಟ್ಟು, ಅದನ್ನು ಟಿವಿಗೆ ಜೋಡಿಸಿ ನೋಡುತ್ತಿದ್ದೇನೆ. ಹಣ ಕೊಟ್ಟು ಕೊಂಡ ಚಿತ್ರವನ್ನು ನೋಡಲು ಇಷ್ಟು ಸುತ್ತು ಹಾಕಬೇಕಾಗಿರುವುದು ಅನ್ಯಾಯವೆಂದೇ ನನ್ನ ಭಾವನೆ.

ಈ ಚಿತ್ರ ಆ ಶ್ರಮಕ್ಕೆ ತಕ್ಕದ್ದಾಗಿದೆ. ನೀಲ್ ಸೈಮನ್ ತಮ್ಮದೇ ಸೈನ್ಯದ ದಿನಗಳ ಅನುಭವದಿಂದ ಬರೆದ ನಾಟಕವನ್ನು ಮೈಕ್ ನಿಕೋಲ್ಸ್ ತೆರೆಗೆ ತಂದಿದ್ದಾರೆ. 1945ರಲ್ಲಿ ಮಿಸಿಸಿಪ್ಪಿ ರಾಜ್ಯದ ಬಿಲಾಕ್ಸಿಗೆ ತರಬೇತಿಗೆಂದು ಬರುವ ಯೂಜೀನ್ ತನ್ನ ಸಂಗಡಿಗರ ಬಗ್ಗೆ ಗುಟ್ಟಾಗಿ ಬರೆದಿಟ್ಟದ್ದನ್ನು ಅವರೇ ಗಟ್ಟಿಯಾಗಿ ಓದುವ ದೃಶ್ಯ ನಗುವಿನಿಂದ ಆರಂಭವಾಗುತ್ತದೆ. ಎಪ್‌ಸ್ಟೀನ್ ಎಂಬ ಹುಡುಗ ಸಲಿಂಗಕಾಮಿಯಿರಬಹುದೆಂಬ ಯೂಜೀನ್‌ನ ಊಹೆಯನ್ನು ಓದಿದಾಗ, ಅಂಥವರನ್ನು ಶಿಕ್ಷಿಸುತ್ತಿದ್ದ ಆ ಸೈನ್ಯದಲ್ಲಿ ಬರೆದ ಒಂದು ಸಾಲು ಎಷ್ಟು ದೊಡ್ಡ ಹಾನಿ ಮಾಡಬಲ್ಲದು ಎಂಬುದು ಮನದಟ್ಟಾಗುತ್ತದೆ. ತರಬೇತಿ ಕೊಡುವ ಸಾರ್ಜೆಂಟ್ ಟೂಮಿಯಾಗಿ ಕ್ರಿಸ್ಟೋಫರ್ ವಾಕನ್ ಮೆಲುದನಿಯಿಂದಲೇ ಭಯ ಹುಟ್ಟಿಸುತ್ತಾರೆ.

‘ಬಕ್ ಪ್ರೈವೇಟ್ಸ್’ನಲ್ಲಿ ಅಬಾಟ್ ಮತ್ತು ಕಾಸ್ಟೆಲೊ ಎಂಬ ಹಾಸ್ಯನಟರ ಜೋಡಿಯ ಕವಾಯತಿನ ದೃಶ್ಯ ಅಪ್ಪಟ ನಗೆ, ಆಂಡ್ರ್ಯೂಸ್ ಸಹೋದರಿಯರ ಹಾಡುಗಳು ಸೊಗಸಾಗಿವೆ. 1940ರ ಕಡ್ಡಾಯ ಸೇನಾ ಸೇವೆಯ ಕಾನೂನು ಬಂದ ಹೊಸದರಲ್ಲಿ, ಅಮೆರಿಕವನ್ನು ಯುದ್ಧಕ್ಕೆ ಎಳೆದ ಪರ್ಲ್ ಹಾರ್ಬರ್ ದಾಳಿಗೆ ಹಲವು ತಿಂಗಳ ಮೊದಲೇ ತೆರೆಕಂಡ ಈ ಚಿತ್ರದಲ್ಲಿ ಸಾವಿನ ನೆರಳೇ ಇಲ್ಲ. ಯುದ್ಧಕ್ಕೆ ಹೊರಟ ಹುಡುಗರ ಅಂಜಿಕೆಯಿಂದ ಹುಟ್ಟುವ ನಗುವನ್ನು ಬಯಸುವ ನನಗೆ ಇದು ದೊಡ್ಡ ಕೊರತೆಯೆನಿಸಿತು.

ಮಕ್ಕಳೊಂದಿಗೆ ಕುಳಿತು ನೋಡುವವರು ‘ಬಕ್ ಪ್ರೈವೇಟ್ಸ್’ ಕೊಳ್ಳುವುದು ಒಳ್ಳೆಯದು, ಏಕೆಂದರೆ ಇನ್ನೊಂದರಲ್ಲಿ ಹುಡುಗರು ವೇಶ್ಯೆಯ ಬಳಿಗೆ ಹೋಗುವ ಸನ್ನಿವೇಶವಿದೆ. ನಾನು ಕಡಿಮೆ ಡಿಸ್ಕ್‌ಗಳನ್ನು ಕೊಂಡು, ರಾತ್ರಿ ಒಬ್ಬನೇ ಕುಳಿತು, ಮಾತುಗಳನ್ನು ಆಲಿಸುತ್ತಾ ಮತ್ತೆ ಮತ್ತೆ ನೋಡುವವನು. ಆದ್ದರಿಂದ ಹೆಚ್ಚು ಬೆಲೆ ತೆತ್ತರೂ ‘ಬಿಲಾಕ್ಸಿ ಬ್ಲೂಸ್’ ಡಿಸ್ಕನ್ನು ಇಟ್ಟುಕೊಂಡು, ಇನ್ನೊಂದನ್ನು ಮಕ್ಕಳಿರುವ ಸ್ನೇಹಿತರೊಬ್ಬರಿಗೆ ಕೊಟ್ಟಿದ್ದೇನೆ.