ಮೀನಿಗಿಂತ ಮೊದಲು ಇದನ್ನ ತಗೊಳ್ಳಿ: ಎಪಿಐ ಫ್ರೆಶ್‌ವಾಟರ್ ಮಾಸ್ಟರ್ ಟೆಸ್ಟ್ ಕಿಟ್

ಹೊಸದಾಗಿ ಅಕ್ವೇರಿಯಂ ಇಡುವವರು ಟ್ಯಾಂಕ್, ಫಿಲ್ಟರ್, ಲೈಟು, ಗಿಡ ಎಲ್ಲಕ್ಕೂ ಧಾರಾಳವಾಗಿ ಖರ್ಚು ಮಾಡ್ತಾರೆ, ನೀರು ಪರೀಕ್ಷಿಸುವ ಟೆಸ್ಟ್ ಕಿಟ್ ಅಂದ ತಕ್ಷಣ ಮಾತ್ರ ಹಿಂದೆ ಮುಂದೆ ನೋಡುತ್ತಾರೆ. ಬೆಲೆ ಕೆಲವು ಸಾವಿರ, ನಿಜ. ನೀವು ಬಿಡಬೇಕು ಅಂದುಕೊಂಡಿರುವ ಅಷ್ಟೂ ಗಪ್ಪಿ, ಟೆಟ್ರಾಗಳ ಬೆಲೆಗಿಂತ ಜಾಸ್ತಿ ಆಗಬಹುದು. ಆದರೂ ಮೊದಲು ಇದನ್ನೇ ತಗೊಳ್ಳಿ ಅಂತೀನಿ. ಟ್ಯಾಂಕ್ ಸೈಕಲ್ ಆಗಿದೆಯೋ ಇಲ್ಲವೋ, ಅಂದರೆ ಮೀನಿನ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಬೆಳೆದಿದೆಯೋ ಇಲ್ಲವೋ ಅನ್ನೋದು ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ತಳ ಕಾಣುವ ತಿಳಿನೀರಿನಲ್ಲೂ ಮೀನು ಸಾಯುವಷ್ಟು ಅಮೋನಿಯಾ ಇರಬಹುದು.

ಟ್ಯಾಂಕ್‌ನಲ್ಲಿ ನಡೆಯುವುದು ಇಷ್ಟು. ಮೀನು ಕಿವಿರಿನ ಮೂಲಕ ಅಮೋನಿಯಾ ಬಿಡುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ, ಇದನ್ನು ನೀರು ಬದಲಿಸಿ ತೆಗೆಯಬಹುದು. ಈ ಎರಡನೇ ಕೆಲಸ ನೈಟ್ರೋಬ್ಯಾಕ್ಟರ್‌ನದು ಅಂತ ಹಳೇ ಪುಸ್ತಕಗಳಲ್ಲಿ ಇರುತ್ತದೆ, ಆದರೆ ಅಕ್ವೇರಿಯಂಗಳಲ್ಲಿ ಅದನ್ನು ಮುಖ್ಯವಾಗಿ ಮಾಡುವುದು ನೈಟ್ರೋಸ್ಪೈರಾ ಅಂತ 1998ರಲ್ಲಿ ಬಂದ ಸಂಶೋಧನೆ ತೋರಿಸಿತು. ಇವೆಲ್ಲ ಫಿಲ್ಟರ್ ಸ್ಪಾಂಜಿನಲ್ಲಿ, ಕಲ್ಲಿನ ಮೇಲೆ ಬೇರೂರಿ ಬೆಳೆಯಬೇಕು, ಏನೂ ಇಲ್ಲದೆ ಶುರು ಮಾಡಿದರೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ನಾನು ಹೋದ ಅಂಗಡಿಯೊಂದರಲ್ಲಿ "ಒಂದು ದಿನ ಮೋಟಾರ್ ಓಡಿಸಿ, ನಾಳೆ ಮೀನು ಬಿಡಿ ಸಾರ್" ಅಂದರು. ಬೆಂಗಳೂರಿನಲ್ಲಿ ಈ ಮಾತು ಕೇಳದವರು ಕಡಿಮೆ. ಗಟ್ಟಿ ಮೀನು ಅಂತ ನಾಲ್ಕು ಮಾಲಿ ಬಿಟ್ಟು ಸೈಕಲ್ ಮಾಡಿಸುವ ಪದ್ಧತಿಯೂ ಇದೆ. ಅವು ಕಿವಿರು ಕೆಂಪಾಗಿ ನೀರಿನ ಮೇಲ್ಗಡೆ ಬಂದು ಬಾಯಿ ಬಿಡುವುದನ್ನು ಒಮ್ಮೆ ನೋಡಿದವರು ಮತ್ತೆ ಅದಕ್ಕೆ ಕೈ ಹಾಕಬಾರದು. ಮೀನಿಲ್ಲದೆ ಸೈಕಲ್ ಮಾಡಲು ದಾರಿ ಇರುವಾಗ ಆ ಜೀವಗಳಿಗೆ ಯಾಕೆ ಹಿಂಸೆ?

ಈಗ ಕಿಟ್ ವಿಷಯ. ಏಳು ಸಣ್ಣ ಬಾಟಲಿ, ನಾಲ್ಕು ಗಾಜಿನ ಟ್ಯೂಬು, ಬಣ್ಣದ ಕಾರ್ಡು. ಪಿಎಚ್, ಹೆಚ್ಚಿನ ಮಟ್ಟದ ಪಿಎಚ್, ಅಮೋನಿಯಾ, ನೈಟ್ರೈಟ್, ನೈಟ್ರೇಟ್ ನೋಡಬಹುದು. ಟ್ಯೂಬಿನಲ್ಲಿ ಗೆರೆಯವರೆಗೆ 5 ಮಿಲಿ ನೀರು ತಗೊಂಡು ಹನಿ ಎಣಿಸಿ ಹಾಕಬೇಕು. ಅಮೋನಿಯಾಗೆ ಮೊದಲ ಬಾಟಲಿಯಿಂದ 8 ಹನಿ, ಎರಡನೆಯದರಿಂದ 8 ಹನಿ, ಕುಲುಕಿ ಐದು ನಿಮಿಷ ಬಿಡಿ. ಹಳದಿಯೇ ಉಳಿದರೆ ಸೊನ್ನೆ, ಹಸಿರು ಏರಿದಷ್ಟೂ ಅಮೋನಿಯಾ ಜಾಸ್ತಿ. ನೈಟ್ರೈಟ್‌ಗೆ ಒಂದೇ ಬಾಟಲಿ, 5 ಹನಿ, ತಿಳಿನೀಲಿಯಿಂದ ನೇರಳೆಗೆ ಹೋಗುತ್ತದೆ. ಬಾಟಲಿಯನ್ನು ನೆಟ್ಟಗೆ ತಲೆಕೆಳಗಾಗಿ ಹಿಡಿಯಿರಿ, ಓರೆ ಹಿಡಿದರೆ ಹನಿ ಒಂದೊಂದು ಗಾತ್ರ ಆಗುತ್ತದೆ. ಕಾರ್ಡನ್ನು ಹಗಲು ಬೆಳಕಿನಲ್ಲಿ ನೋಡಿ, ಹಳದಿ ಬಲ್ಬಿನ ಕೆಳಗೆ ಸೊನ್ನೆಗೂ 0.25 ಪಿಪಿಎಂಗೂ (ಲೀಟರಿಗೆ ಮಿಲಿಗ್ರಾಂ) ವ್ಯತ್ಯಾಸವೇ ಗೊತ್ತಾಗುವುದಿಲ್ಲ. ನೀರಲ್ಲಿ ಅದ್ದಿ ನೋಡುವ ಟೆಸ್ಟ್ ಸ್ಟ್ರಿಪ್ ಅಗ್ಗ, ಬೇಗ ಕೂಡ, ಆದರೆ ಹೆಚ್ಚಿನ ಸ್ಟ್ರಿಪ್‌ಗಳಲ್ಲಿ ಅಮೋನಿಯಾವೇ ಇರುವುದಿಲ್ಲ. ಸೈಕಲ್ ಮಾಡುವವರಿಗೆ ಬೇಕಾದ ಮೊದಲನೇ ಅಂಕಿಯೇ ಅದು, ಅಲ್ವಾ?

ನೈಟ್ರೇಟ್ ಟೆಸ್ಟ್‌ಗೆ ಸ್ವಲ್ಪ ಶ್ರಮ ಬೇಕು. ಎರಡನೇ ಬಾಟಲಿಯ ತಳದಲ್ಲಿ ಗಷ್ಟು ಕೂರುತ್ತದೆ. ಅದನ್ನು 30 ಸೆಕೆಂಡು ಜೋರಾಗಿ ಕುಲುಕಬೇಕು, ನಾನು ಅದಕ್ಕೂ ಮೊದಲು ಮೇಜಿನ ಮೇಲೆ ನಾಲ್ಕು ಸಲ ಕುಟ್ಟುತ್ತೇನೆ. ಹನಿ ಹಾಕಿದ ಮೇಲೆ ಟ್ಯೂಬನ್ನೂ ಒಂದು ನಿಮಿಷ ಪೂರ್ತಿ ಕುಲುಕಬೇಕು. ಇದನ್ನು ಬಿಟ್ಟರೆ ನೈಟ್ರೇಟ್ ಇದ್ದರೂ ಇಲ್ಲ ಅಂತ ತೋರಿಸುತ್ತದೆ. ಇನ್ನೊಂದು ಗೊತ್ತಿರಲಿ, ಈ ಟೆಸ್ಟ್ ನೈಟ್ರೇಟನ್ನು ನೈಟ್ರೈಟ್ ಮಾಡಿಕೊಂಡು ಅಳೆಯುತ್ತದೆ, ಹಾಗಾಗಿ ನೀರಿನಲ್ಲಿ ಮೊದಲೇ ನೈಟ್ರೈಟ್ ತುಂಬಿದ್ದರೆ ನೈಟ್ರೇಟ್ ಅಂಕಿಯನ್ನು ನಂಬುವ ಹಾಗಿಲ್ಲ. ಸೈಕಲ್‌ನ ಮಧ್ಯದಲ್ಲಿ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ನಮ್ಮ ಊರಲ್ಲಿ ಈ ಕಿಟ್‌ನ ಮೊದಲ ಉಪಯೋಗ ನಲ್ಲಿ ನೀರಿಗೆ. ಅಪಾರ್ಟ್‌ಮೆಂಟ್ ಸಂಪಿನಲ್ಲಿ ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಮೂರೂ ಸೇರಿರುತ್ತವೆ, ಈ ವಾರದ ನೀರು ಮುಂದಿನ ವಾರ ಇರುವುದಿಲ್ಲ. ಬೆಂಗಳೂರಿನ ಎಷ್ಟೋ ಬೋರ್‌ವೆಲ್‌ಗಳಲ್ಲಿ ಚರಂಡಿ ನೀರು ಇಂಗಿ ನೈಟ್ರೇಟ್ ಸೇರಿರುತ್ತದೆ. ಟ್ಯಾಂಕ್‌ನಲ್ಲಿ ನೈಟ್ರೇಟ್ ಕಂಡ ಕೂಡಲೇ ಸೈಕಲ್ ಆಯ್ತು ಅಂತ ಖುಷಿಪಡುವ ಮೊದಲು ನಲ್ಲಿ ನೀರನ್ನೂ ಅಳೆದು ನೋಡಿ. ಅಲ್ಲಿ 45 ಪಿಪಿಎಂಗಿಂತ ಮೇಲೆ ತೋರಿಸಿದರೆ ಮನೆಯವರು ಕುಡಿಯುವ ನೀರಿನ ಬಗ್ಗೆಯೂ ವಿಚಾರ ಮಾಡಬೇಕು, ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಇಟ್ಟಿರುವ ಮಿತಿ ಅದು. ಪಿಎಚ್ ಕೂಡ ನೋಡಿಕೊಳ್ಳಿ. ಪಿಎಚ್ 7ರಲ್ಲಿ ಇರುವುದಕ್ಕಿಂತ 8ರಲ್ಲಿ ಅದೇ ಅಮೋನಿಯಾ ಅಂಕಿಯ ವಿಷ ಸುಮಾರು ಹತ್ತು ಪಟ್ಟು. ಕಾವೇರಿ ನೀರಾದರೆ ಕ್ಲೋರಿನ್ ತೆಗೆಯದೆ ಹಾಕಬೇಡಿ, ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತದೆ.

ಮೀನಿಲ್ಲದೆ ಸೈಕಲ್ ಮಾಡಲು ಬ್ಯಾಕ್ಟೀರಿಯಾಗೆ ಬೇಕಾದ ಅಮೋನಿಯಾವನ್ನು ನಾವೇ ಹಾಕಬೇಕು, ಅದನ್ನು ಎಲ್ಲಿಂದ ತರೋದು? ಅಮೋನಿಯಂ ಕ್ಲೋರೈಡ್ ಸಾಕು. ಪಾತ್ರೆಗೆ ಕಲಾಯಿ ಹಾಕಲು ಬಳಸುವ ನವಸಾಗರ ಅದೇ, ಗ್ರಂಥಿಗೆ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ, ಆದರೆ ಅದರಲ್ಲಿ ಇನ್ನೇನು ಬೆರೆತಿರುತ್ತದೋ ಹೇಳಲಾಗದು, ಲ್ಯಾಬ್ ಸಾಮಾನು ಮಾರುವವರ ಹತ್ತಿರ ಶುದ್ಧವಾದದ್ದು ತಗೊಳ್ಳಿ. 60 ಲೀಟರ್ ಟ್ಯಾಂಕ್‌ಗೆ 2 ಪಿಪಿಎಂ ಬರಲು ಬರೀ 0.4 ಗ್ರಾಂ ಬೇಕು. ಅಡುಗೆಮನೆ ತಕ್ಕಡಿಯಲ್ಲಿ ಅಷ್ಟು ಸಣ್ಣ ತೂಕ ಸರಿಯಾಗಿ ಬರುವುದಿಲ್ಲ, ಅದಕ್ಕೆ 4 ಗ್ರಾಂ ಅನ್ನು 100 ಮಿಲಿ ನೀರಿನಲ್ಲಿ ಕರಗಿಸಿಟ್ಟುಕೊಂಡು 10 ಮಿಲಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಅಳೆಯಿರಿ. ಪರಿಚಯದವರ ಮನೆಯಲ್ಲಿ ಚೆನ್ನಾಗಿ ಓಡುತ್ತಿರುವ ಟ್ಯಾಂಕ್ ಇದ್ದರೆ ಅವರ ಫಿಲ್ಟರಿನ ಕೊಳಕು ಸ್ಪಾಂಜಿನ ಒಂದು ತುಂಡು ಕೇಳಿ ತನ್ನಿ, ಒಣಗಲು ಬಿಡಬೇಡಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅದು. ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಾಗಿಂತ ನನಗೆ ಅದರ ಮೇಲೇ ನಂಬಿಕೆ.

ಮೊದಲು ಅಮೋನಿಯಾ ಇಳಿಯುತ್ತದೆ. ಆಮೇಲೆ ನೈಟ್ರೈಟ್ ಏರಿ ದಿನಗಟ್ಟಲೆ ಅಲ್ಲೇ ನಿಲ್ಲುತ್ತದೆ, ಹನಿ ಬಿದ್ದ ಕೂಡಲೇ ಟ್ಯೂಬು ನೇರಳೆ. ತುಂಬಾ ಜನ ಕೈ ಬಿಡುವುದು ಇಲ್ಲೇ. ಕಾರ್ಡಿನ ಕೊನೆ ಬಣ್ಣ ಮುಟ್ಟಿದ್ದರೆ ಒಂದು ಪಾಲು ಟ್ಯಾಂಕ್ ನೀರಿಗೆ ನಾಲ್ಕು ಪಾಲು ಆರ್‌ಒ ನೀರು ಬೆರೆಸಿ ಅಳೆದು, ಬಂದ ಅಂಕಿಯನ್ನು ಐದರಿಂದ ಗುಣಿಸಿ. ಮಿತಿಮೀರಿದ್ದರೆ ಅರ್ಧ ನೀರು ಬದಲಿಸಿ, ಬ್ಯಾಕ್ಟೀರಿಯಾ ಎಲ್ಲೂ ಹೋಗುವುದಿಲ್ಲ. ಡಿಸೆಂಬರ್, ಜನವರಿಯ ಚಳಿಯಲ್ಲಿ ಎಲ್ಲ ನಿಧಾನ ಆಗುತ್ತದೆ, ಹೀಟರ್ ಇದ್ದರೆ 28 ಡಿಗ್ರಿಗೆ ಇಡಿ. ಕೊನೆಗೆ ಒಂದು ದಿನ ಅದೇ ಟ್ಯೂಬು ತಿಳಿನೀಲಿಯಾಗೇ ನಿಲ್ಲುತ್ತದೆ. 2 ಪಿಪಿಎಂ ಅಮೋನಿಯಾ ಹಾಕಿದ 24 ಗಂಟೆಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದರೆ ಟ್ಯಾಂಕ್ ರೆಡಿ. ಜಾಸ್ತಿ ನೀರು ಬದಲಿಸಿ ನೈಟ್ರೇಟ್ ಇಳಿಸಿಕೊಂಡು ಮೀನು ಬಿಡಿ.

ಕಿಟ್‌ನಲ್ಲಿ ಇಲ್ಲದ್ದು ಕೆಎಚ್ ಟೆಸ್ಟ್, ಅಂದರೆ ಪಿಎಚ್ ಬೀಳದಂತೆ ತಡೆಯುವ ಕಾರ್ಬೊನೇಟ್ ಅಂಶದ ಅಳತೆ. ಶುದ್ಧ ನೀರು ಒಳ್ಳೆಯದು ಅಂತ ಟ್ಯಾಂಕ್ ತುಂಬಾ ಆರ್‌ಒ ನೀರು ತುಂಬಿಸಿದವರಿಗೆ ಇದು ಬೇಕೇ ಬೇಕು, ಯಾಕೆಂದರೆ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಾ ಕೆಎಚ್ ಅನ್ನು ತಿಂದು ಹಾಕುತ್ತದೆ, ಆರ್‌ಒ ನೀರಿನಲ್ಲಿ ಅದು ಮೊದಲೇ ಇರುವುದಿಲ್ಲ, ಪಿಎಚ್ 6ರ ಹತ್ತಿರ ಬಿದ್ದು ಸೈಕಲ್ ನಿಂತೇ ಹೋಗುತ್ತದೆ. ಪಿಎಚ್ ಟೆಸ್ಟ್‌ನಲ್ಲೇ ಇದರ ಸುಳಿವು ಸಿಗುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಮತ್ತೆ ಚುರುಕಾಗುತ್ತದೆ.

ತಗೊಳ್ಳುವಾಗ ಬಾಟಲಿ ಮೇಲಿನ ಲಾಟ್ ನಂಬರ್ ನೋಡಿ. ಕೊನೆಯ ನಾಲ್ಕು ಅಂಕಿ ತಯಾರಾದ ತಿಂಗಳು ಮತ್ತು ವರ್ಷ, 0323 ಅಂದರೆ 2023ರ ಮಾರ್ಚ್. ಹಳೇ ಸ್ಟಾಕ್ ಕೊಟ್ಟರೆ ಬೇಡ ಅನ್ನಿ. ಒಂದು ಡಬ್ಬಿಯಲ್ಲಿ 800 ಟೆಸ್ಟ್ ಬರುತ್ತದೆ, ಒಂದು ಮನೆಯಲ್ಲಿ ಸುಮ್ನೆ ಖಾಲಿಯಾಗುವುದಲ್ಲ. ಬಿಲ್ಡಿಂಗ್‌ನಲ್ಲಿ ಮೀನು ಸಾಕುವ ಮೂರು ಮನೆ ಇದ್ದರೆ ದುಡ್ಡು ಹಂಚಿಕೊಂಡು ತಗೊಳ್ಳಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ.